ವ್ಯಾನಿನಲ್ಲಿ ಸಿಲಿಂಡರ್ ಎಲ್ಲಿಡಬೇಕು, ಊಟಿ ಚಳಿಗೆ ಏನು ಮಾಡಬೇಕು?

ಕೇಳಿದವರು, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಹಳೆಯ ಟಿಟಿ (ಟೆಂಪೋ ಟ್ರಾವೆಲರ್ ವ್ಯಾನ್) ಒಂದನ್ನು ತಗೊಂಡು, ಮಲಗುವುದಕ್ಕೆ, ಅಡುಗೆಗೆ ಅನುಕೂಲ ಆಗುವ ಹಾಗೆ ಮಾಡಿಸುತ್ತಿದ್ದೇನೆ. ಡಿಸೆಂಬರ್ ಕೊನೆಗೆ ನಾನು, ಮನೆಯವರು, ಅವ್ವ ಮೂವರೂ ಊಟಿ ಕಡೆ ನಾಲ್ಕು ದಿನ ಹೋಗಿ ಬರಬೇಕು ಅಂತ ಇದೆ. ಅವ್ವನಿಗೆ 71 ವರ್ಷ. ಎರಡು ವಿಷಯಕ್ಕೆ ತಲೆ ಕೆಟ್ಟಿದೆ. ಬಡಗಿ ಸಿಲಿಂಡರಿಗೆ ಹಿಂದಿನ ಮಂಚದ ಕೆಳಗೆ ಜಾಗ ಮಾಡಿದ್ದಾನೆ. ರೆಗ್ಯುಲೇಟರ್ ಮುಟ್ಟಬೇಕು ಅಂದರೆ ಹಾಸಿಗೆ ಮಡಚಿ, ಹಲಗೆ ಎತ್ತಬೇಕು. ಇದು ಸರಿಯಾ? ಇನ್ನೊಂದು, ರಾತ್ರಿ ಚಳಿಗೆ ಏನು ಮಾಡುವುದು? ಅವ್ವ, ಬಾಣಂತಿ ಕೋಣೆಯಲ್ಲಿ ಇಡುತ್ತಿದ್ದ ಹಾಗೆ ಅಗ್ಗಿಷ್ಟಿಕೆಗೆ ಒಂದಿಷ್ಟು ಕೆಂಡ ಹಾಕಿ ಇಟ್ಟರೆ ಸಾಕು ಅನ್ನುತ್ತಾಳೆ. ನನಗೆ ಧೈರ್ಯ ಇಲ್ಲ. ಅನುಭವ ಇರುವವರು ಹೇಳಿ.

ಮೈಸೂರು, ಕುವೆಂಪುನಗರದಿಂದ:

ಅಣ್ಣ, ಮೊದಲು ಕೆಂಡದ ಮಾತು. ಬೇಡವೇ ಬೇಡ. ನಿಮ್ಮ ತಾಯಿಯವರು ನೋಡಿದ ಬಾಣಂತಿ ಕೋಣೆ ನಾಡಹೆಂಚಿನ ಮನೆಯದು. ಕಿಟಕಿ ಮುಚ್ಚಿದರೂ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಟಿಟಿ ಅಂದರೆ ಸುತ್ತಲೂ ರಬ್ಬರ್ ಬೀಡಿಂಗ್ ಹಾಕಿ ಮುಚ್ಚಿದ ತಗಡಿನ ಡಬ್ಬ. ಇದ್ದಿಲು ಹೊಗೆ ಇಲ್ಲದೆ ಕೆಂಪಗೆ ಉರಿಯುವಾಗಲೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ, ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ. ನಿದ್ದೆಯಲ್ಲಿ ಇದ್ದವರಿಗೆ ಎಚ್ಚರವೇ ಆಗದೆ ಹೋಗಬಹುದು.

ಗ್ಯಾಸ್ ಒಲೆ ಹಚ್ಚಿ ಬೆಚ್ಚಗೆ ಮಾಡಿಕೊಳ್ಳುವುದೂ ಅಷ್ಟೇ ಅಪಾಯ. ಇದು ನನ್ನ ಮೇಲೆಯೇ ಆಗಿದ್ದು. 2023ರ ಜನವರಿಯಲ್ಲಿ ಊಟಿ ಹತ್ತಿರ ಒಂದು ತೋಟದ ಮನೆಯ ಅಂಗಳದಲ್ಲಿ ವ್ಯಾನ್ ನಿಲ್ಲಿಸಿದ್ದೆವು. ಚಳಿ ತಡೆಯಲಾಗದೆ ಕಿಟಕಿಗಳನ್ನೆಲ್ಲ ಮುಚ್ಚಿ, ಒಲೆಯನ್ನು ಸಿಮ್‌ನಲ್ಲಿ ಇಟ್ಟು ಮಲಗಿದೆವು. ಅರ್ಧ ಗಂಟೆ ಅಂದುಕೊಂಡಿದ್ದೆ, ನಿದ್ದೆ ಹತ್ತಿಬಿಟ್ಟಿತು. ನನ್ನ ಹೆಂಡತಿಗೆ ವಾಂತಿ ಬಂದಂತಾಗಿ ಎಚ್ಚರ ಆಯಿತು. ನಾನು ಎದ್ದು ನಿಂತರೆ ಮೊಣಕಾಲು ನಿಲ್ಲುತ್ತಿಲ್ಲ, ತಲೆ ಸಿಡಿಯುತ್ತಿದೆ. ಹೇಗೋ ಬಾಗಿಲು ತಳ್ಳಿ, ಇಬ್ಬರೂ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಬೆಳಗಾಗುವವರೆಗೂ ಕೂತಿದ್ದೆವು. ಅವತ್ತಿನಿಂದ ನಮ್ಮ ವ್ಯಾನಿನಲ್ಲಿ ಒಲೆ ಅಡುಗೆಗೆ ಮಾತ್ರ. ಅಡುಗೆ ಮಾಡುವಾಗಲೂ ಮೇಲಿನ ಗಾಳಿಕಿಂಡಿ ತೆರೆದೇ ಇರುತ್ತದೆ. ಬಿಸಿ ಸಾಲದು ಅಂತ ಇಂಜಿನ್ ಸ್ಟಾರ್ಟ್ ಮಾಡಿಟ್ಟು ಮಲಗುವವರೂ ಇದ್ದಾರೆ, ಅದರ ಹೊಗೆಯಲ್ಲೂ ಇದೇ ವಿಷ. ದಯವಿಟ್ಟು ಅದನ್ನೂ ಮಾಡಬೇಡಿ.

ಇನ್ನೊಂದು ಮಾತು. ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಗೆ ಬರುತ್ತದೆ. ತಗಡಿಗೆ ತಾಗಿ ಅದು ಮತ್ತೆ ನೀರೇ ಆಗುತ್ತದೆ. ಆ ರಾತ್ರಿ ಟಾರ್ಚ್ ಹಾಕಿ ನೋಡಿದರೆ ಚಾವಣಿಯ ಸ್ಕ್ರೂಗಳ ತಲೆ ಮೇಲೆ ಒಂದೊಂದು ಹನಿ, ಜೋಳದ ಕಾಳಿನಷ್ಟು ದಪ್ಪ, ಸಾಲಾಗಿ ನಿಂತಿದ್ದವು. ಹೊದಿಕೆಯ ತುದಿ ಒದ್ದೆ. ಒದ್ದೆ ಹೊದಿಕೆಯಲ್ಲಿ ಬೆಚ್ಚಗೆ ಇರುವುದು ಹೇಗೆ, ಅಲ್ವಾ?

ಈಗ ಸಿಲಿಂಡರ್. ಮಂಚದ ಕೆಳಗಿನ ಜಾಗ ಬಿಟ್ಟುಬಿಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಡಿ ತಗ್ಗು ಜಾಗದಲ್ಲಿ ನಿಲ್ಲುತ್ತದೆ. ನಿಮ್ಮ ಮಂಚದ ಕೆಳಗೆ ಅದು ಮೂವರ ಬೆನ್ನ ಹಿಂದೆ ನಿಂತಿರುತ್ತದೆ. ಮೂಗಿಗೆ ವಾಸನೆ ಬರುವ ಹೊತ್ತಿಗೆ ತಡ ಆಗಿರಬಹುದು. ಆ ಹೊತ್ತಿನಲ್ಲಿ ಅವ್ವನನ್ನು ಎಬ್ಬಿಸಿ, ಹಾಸಿಗೆ ಮಡಚಿ, ಹಲಗೆ ಎತ್ತಿ ರೆಗ್ಯುಲೇಟರ್ ಮುಚ್ಚುವುದು ಆಗುವ ಮಾತಲ್ಲ.

ನಾವು ಹಿಂಬಾಗಿಲ ಎಡ ಮೂಲೆಯಲ್ಲಿ ತಗಡಿನ ಪೆಟ್ಟಿಗೆ ಮಾಡಿಸಿದೆವು. ಅದರ ಬಾಗಿಲು ತೆರೆಯುವುದು ಹೊರಗಿನಿಂದ. ಮಲಗುವ ಜಾಗದ ಕಡೆ ಪೂರ್ತಿ ಮುಚ್ಚಿ, ಪೈಪ್ ಹಾದುಹೋಗುವ ತೂತಿಗೆ ರಬ್ಬರ್ ಬುಷ್ ಹಾಕಿಸಿ, ಸುತ್ತ ಸೀಲ್ ಮಾಡಿಸಿದ್ದೇವೆ. ಪೆಟ್ಟಿಗೆಯ ತಳದಲ್ಲಿ ಕಾಫಿ ಲೋಟದ ಬಾಯಿಯಷ್ಟು ದೊಡ್ಡ ತೂತು, ಅದಕ್ಕೆ ಜಾಲರಿ. ಸೋರಿದ ಗ್ಯಾಸ್ ನೇರ ರಸ್ತೆಗೆ ಇಳಿಯಬೇಕು. ಸೈಲೆನ್ಸರ್ ಪೈಪ್, ಡೀಸೆಲ್ ಟ್ಯಾಂಕ್, ಬ್ಯಾಟರಿ ಆ ತೂತಿನ ಹತ್ತಿರ ಇರಬಾರದು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಬೆಲ್ಟ್ ಹಾಕಿ ಬಿಗಿದಿರಬೇಕು. ಅಡ್ಡ ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಯುರೋಪಿನ ವ್ಯಾನುಗಳಲ್ಲೂ ಕ್ರಮ ಇದೇ. ಸಿಲಿಂಡರಿಗೆ ಬೇರೆ ಗೂಡು, ತಳದಲ್ಲಿ ಗಾಳಿಕಿಂಡಿ.

ಪೈಪ್ ಮಾತ್ರ ಕಿತ್ತಳೆ ಬಣ್ಣದ, ಒಳಗೆ ತಂತಿ ಹೆಣೆದ ಸುರಕ್ಷಾ ಹೋಸ್ ಆಗಿರಲಿ, ಐಎಸ್‌ಐ ಗುರುತು ಇರಲಿ, 5 ವರ್ಷಕ್ಕೆ ಬದಲಾಯಿಸಿ. ಪ್ರತಿ ಸಲ ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ. ಬೆಂಕಿಕಡ್ಡಿ ಗೀರಿ ನೋಡುವವರ ಮಾತು ಕೇಳಬೇಡಿ. ಗಾಡಿ ಹೊರಡುವ ಮುಂಚೆ ರೆಗ್ಯುಲೇಟರ್ ಆಫ್. ಮಲಗುವ ಮುಂಚೆಯೂ ಆಫ್. ನಮ್ಮಲ್ಲಿ ಒಲೆ ಆರಿಸಿದವರೇ ಹೊರಗೆ ಹೋಗಿ ಅದನ್ನು ತಿರುಗಿಸಿ ಬರಬೇಕು. ಮಂಜು ಬೀಳುವಾಗ ಸ್ವೆಟರ್ ಹಾಕಿಕೊಂಡು ಇಳಿಯಲು ಬೇಜಾರಾಗುತ್ತದೆ ನಿಜ, ಆದರೂ ಇಳಿಯುತ್ತೇವೆ. ಗ್ಯಾಸ್ ಸೋರಿಕೆಗೆ ಸಹಾಯವಾಣಿ 1906. ಪೆಟ್ಟಿಗೆ ಬಾಗಿಲ ಮೇಲೆ ಬರೆಸಿಬಿಡಿ.

ಶ್ರೀರಂಗಪಟ್ಟಣದಿಂದ:

ಅಣ್ಣ, ನಾನು ಅತ್ತೆಯವರನ್ನು ಕರೆದುಕೊಂಡು ಎರಡು ಸಲ ಚಳಿಗಾಲದಲ್ಲೇ ಹೋಗಿ ಬಂದಿದ್ದೇನೆ. ಮೈಸೂರು, ಮಂಡ್ಯದ ಚಳಿ ಲೆಕ್ಕದಲ್ಲಿ ಊಟಿಗೆ ಸಿದ್ಧ ಆಗಬೇಡಿ. ನಮ್ಮಲ್ಲಿ ಡಿಸೆಂಬರ್ ರಾತ್ರಿ 16 ಡಿಗ್ರಿ ಅಂದರೆ ಎಲ್ಲರೂ ಚಳಿ ಅನ್ನುತ್ತಾರೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಹುಲ್ಲಿನ ಮೇಲೆ ಹಿಮ ಕೂತು ಬಯಲು ಬೆಳ್ಳಗಾಗಿರುತ್ತದೆ.

ಮೊದಲ ಸಲ ನಾನು ಮಾಡಿದ ತಪ್ಪು, ಹೊದಿಯುವುದಕ್ಕೆ ರಾಶಿ ತಗೊಂಡು ಹೋಗಿ, ಹಾಸುವುದಕ್ಕೆ ಒಂದೇ ತೆಳು ಹಾಸಿಗೆ ಇಟ್ಟಿದ್ದು. ಚಳಿ ಬರುವುದು ಕೆಳಗಿನಿಂದ. ರಾತ್ರಿ ಎರಡು ಗಂಟೆಗೆ ಅತ್ತೆಯವರ ಬೆನ್ನು ಮುಟ್ಟಿದರೆ ತಣ್ಣಗೆ ಕಲ್ಲಿನ ಹಾಗಿತ್ತು, ಮೇಲೆ ಮೂರು ರಗ್ಗು ಇದ್ದರೂ. ಎರಡನೇ ಸಲ ಹಲಗೆ ಮೇಲೆ ಚಾಪೆ, ಅದರ ಮೇಲೆ ಹಾಸಿಗೆ, ಹಾಸಿಗೆ ಮೇಲೆ ಕುರಿ ಉಣ್ಣೆಯ ಕರಿ ಕಂಬಳಿ ಹಾಸಿ, ಮೇಲೊಂದು ಹಳೆಯ ಹತ್ತಿ ಸೀರೆ ಹಾಕಿದೆ. ಕಂಬಳಿ ಚುಚ್ಚುತ್ತದೆ ಅನ್ನುವವರಿಗೆ ಸೀರೆ ಮದ್ದು. ಹೊದಿಯುವುದಕ್ಕೆ ಎರಡೇ ರಗ್ಗು ಸಾಕಾಯಿತು. ಅತ್ತೆಯವರು ಬೆಳಿಗ್ಗೆ ಆರೂವರೆವರೆಗೂ ಏಳಲಿಲ್ಲ.

ಬಿಸಿನೀರಿನ ರಬ್ಬರ್ ಚೀಲ ಮೂರು ತಗೊಳ್ಳಿ. ಮಲಗುವ ಅರ್ಧ ಗಂಟೆ ಮುಂಚೆ ರಗ್ಗಿನೊಳಗೆ ಕಾಲಿನ ಕಡೆ ಇಡಿ. ಕುದಿಯುವ ನೀರು ತುಂಬಬೇಡಿ, ಬಟ್ಟೆ ಸುತ್ತದೆ ಇಡಬೇಡಿ. ವಯಸ್ಸಾದವರಿಗೆ, ಅದರಲ್ಲೂ ಶುಗರ್ ಇದ್ದರೆ, ಪಾದ ಸುಟ್ಟರೂ ಗೊತ್ತಾಗುವುದಿಲ್ಲ. ಉಣ್ಣೆ ಕಾಲುಚೀಲ, ಕಿವಿ ಮುಚ್ಚುವ ಟೋಪಿ ಹಾಕಿಸಿಯೇ ಮಲಗಿಸಿ. ರಾತ್ರಿ ಮೂತ್ರಕ್ಕೆ ಎದ್ದಾಗ ಚಳಿ ಹಿಡಿಯುವುದು, ಹಾಗಾಗಿ ಶಾಲು ಕೈಗೆ ಸಿಗುವ ಜಾಗದಲ್ಲೇ ಇರಲಿ. ಅಮ್ಮನವರನ್ನು ಕಿಟಕಿ ಕಡೆ ಮಲಗಿಸಬೇಡಿ, ನಡುವೆ ಮಲಗಿಸಿ. ಅವರಿಗೆ ಕೆಂಡ ಬೇಡ ಅಂತ ಹೇಳುವಾಗ ಈ ಚೀಲವನ್ನು ಕೈಗೆ ಕೊಟ್ಟು ಹೇಳಿ, ಒಪ್ಪಿಕೊಳ್ಳುತ್ತಾರೆ.

ಮೈಸೂರು, ಮೇಟಗಳ್ಳಿಯಿಂದ:

ಇಬ್ಬರೂ ಸರಿಯಾಗಿ ಹೇಳಿದ್ದಾರೆ. ನಾನು ವ್ಯಾನುಗಳ ಒಳಗೆಲಸ ಮಾಡುವವನು, ಗಾಡಿ ಬಗ್ಗೆ ಮಾತ್ರ ಹೇಳುತ್ತೇನೆ. ಪ್ಲೈವುಡ್ ಹೊಡೆಯುವ ಮುಂಚೆಯೇ ಬಡಗಿಯನ್ನು ನಿಲ್ಲಿಸಿ. ಎಸಿ ಡಕ್ಟಿಗೆ ಸುತ್ತುವ ಕಪ್ಪು ರಬ್ಬರ್ ಶೀಟನ್ನು ಚಾವಣಿ, ಬದಿ, ನೆಲ ಮೂರೂ ಕಡೆ ತಗಡಿಗೆ ಒತ್ತಿ ಅಂಟಿಸಬೇಕು, ಮಧ್ಯೆ ಗಾಳಿ ಇರಬಾರದು. ಕಿಟಕಿ ಗಾಜಿನಿಂದಲೇ ಜಾಸ್ತಿ ಬಿಸಿ ಹೋಗುವುದು. ಬೆಳ್ಳಿ ಬಣ್ಣದ ಗುಳ್ಳೆ ಶೀಟನ್ನು ಗಾಜಿನ ಅಳತೆಗೆ ಕತ್ತರಿಸಿ ರಾತ್ರಿ ಸಿಕ್ಕಿಸಿ. ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ ಕಟ್ಟಿ, ಮುಂಭಾಗದ ಗಾಜು ಇರುವ ಅರ್ಧವನ್ನು ಮಲಗುವ ಜಾಗದಿಂದ ಬೇರೆ ಮಾಡಿ. ಇಷ್ಟೆಲ್ಲ ಮುಚ್ಚಿದ ಮೇಲೂ ಮೇಲೊಂದು, ಕೆಳಗೊಂದು ಗಾಳಿಕಿಂಡಿ ಇರಲೇಬೇಕು. ಅವನ್ನು ಬಟ್ಟೆ ತುರುಕಿ ಮುಚ್ಚುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಕರೆಂಟಿನ ರೂಮ್ ಹೀಟರ್ ಬ್ಯಾಟರಿಯಲ್ಲಿ ನಡೆಯುವುದಿಲ್ಲ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಇರುವುದು 1,800 ವ್ಯಾಟ್-ಗಂಟೆ, ಅದರಲ್ಲಿ ಅರ್ಧ ಬಳಸಿದರೆ ಬ್ಯಾಟರಿಗೆ ಒಳ್ಳೆಯದು. 1,000 ವ್ಯಾಟ್ ಹೀಟರ್ ಅದನ್ನು ಒಂದು ಗಂಟೆಯೊಳಗೆ ಮುಗಿಸುತ್ತದೆ. ಅದೇ 100 ವ್ಯಾಟಿನ ಬಿಸಿ ಹಾಸು ಮೂರು ಗಂಟೆ ಹಾಕಿದರೂ 300 ಅಷ್ಟೇ. ಮಲಗುವ ಹೊತ್ತಿಗೆ ಹಾಕಿ, ನಿದ್ದೆ ಬರುವಾಗ ಆರಿಸಿ. ಖರ್ಚು ಮಾಡುವ ಶಕ್ತಿ ಇದ್ದರೆ ಡೀಸೆಲ್ ಹೀಟರ್ ಇದೆ. ಗಂಟೆಗೆ ಕಾಲು ಲೀಟರಿಗಿಂತ ಕಡಿಮೆ ಕುಡಿಯುತ್ತದೆ, ಉರಿಯುವುದಕ್ಕೆ ಗಾಳಿ ಹೊರಗಿನಿಂದ ಎಳೆದು, ಹೊಗೆಯನ್ನೂ ಹೊರಗೇ ಬಿಡುತ್ತದೆ. ಆದರೆ ಹೊಗೆ ಪೈಪ್ ಜೋಡಿಸುವುದು ಗೊತ್ತಿದ್ದವರ ಕೈಯಲ್ಲೇ ಆಗಬೇಕು.

ಅಲಾರಂ ಎರಡು ಬೇಕು, ಒಂದೇ ಸಾಲದು. ಗ್ಯಾಸ್ ಸೋರಿಕೆಯದು ನೆಲದ ಹತ್ತಿರ, ಕಾರ್ಬನ್ ಮೊನಾಕ್ಸೈಡಿನದು ಮಲಗಿದಾಗ ತಲೆ ಇರುವ ಮಟ್ಟದಲ್ಲಿ. ಇನ್ನು ಗಾಡಿಯ ಮೂಲ ರೂಪ ಬದಲಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಟಿಒ ಕಚೇರಿಯಲ್ಲಿ ಈಗಲೇ ವಿಚಾರಿಸಿ.

ಕೇಳಿದವರು, ಮಂಡ್ಯ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಡಗಿಗೆ ಫೋನ್ ಮಾಡಿ ಕೆಲಸ ನಿಲ್ಲಿಸಿದ್ದೇನೆ. ಪೆಟ್ಟಿಗೆ ಹಿಂಬಾಗಿಲ ಮೂಲೆಗೆ ಬರುತ್ತದೆ. ಅವ್ವನಿಗೆ ಕುವೆಂಪುನಗರದವರು ಬರೆದಿದ್ದನ್ನು ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಹಂಗಾದ್ರೆ ಕೆಂಡ ಬ್ಯಾಡ ಬುಡು" ಅಂದಳು. ಇನ್ನೊಂದೇ ಪ್ರಶ್ನೆ. ಮನೆಯ 14.2 ಕೆಜಿ ಸಿಲಿಂಡರನ್ನೇ ಇಡಲಾ? ದಾರಿಯಲ್ಲಿ ಖಾಲಿಯಾದರೆ?

ಮೈಸೂರು, ಕುವೆಂಪುನಗರದಿಂದ:

ಮನೆಯದನ್ನು ಮನೆಯಲ್ಲೇ ಬಿಡಿ. ಅದು ನಿಮ್ಮ ವಿಳಾಸಕ್ಕೆ ಕೊಟ್ಟ ಸಂಪರ್ಕ, ಎತ್ತುವುದಕ್ಕೂ ಭಾರ. 5 ಕೆಜಿಯದು ತಗೊಳ್ಳಿ. ಇಂಡೇನ್‌ನ ಛೋಟು ಅಂತ ಬರುತ್ತದೆ, ಗುರುತಿನ ಚೀಟಿ ತೋರಿಸಿದರೆ ಸಾಕು, ವಿಳಾಸದ ದಾಖಲೆ ಕೇಳುವುದಿಲ್ಲ. ಗ್ಯಾಸ್ ಏಜೆನ್ಸಿಗಳಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ, ಅಂಗಡಿಗಳಲ್ಲಿ ಸಿಗುತ್ತದೆ. ರೆಗ್ಯುಲೇಟರ್ ಅದಕ್ಕೆ ಸರಿಯಾಗಿ ಕೂರುತ್ತದಾ ಅಂತ ಅಲ್ಲೇ ಹಾಕಿ ನೋಡಿ ತನ್ನಿ. ಕುತ್ತಿಗೆಯ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಮುಂದೆ ಎರಡಂಕಿ ವರ್ಷ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕಾದ ಗಡುವು ಅದು. ದಾಟಿದ್ದರೆ ವಾಪಸ್ ಕೊಡಿ.

ಖಾಲಿಯಾಗುವ ಭಯ ಬೇಡ. ಒಂದು ಒಲೆ ಗಂಟೆಗೆ 150ರಿಂದ 200 ಗ್ರಾಂ ಉರಿಸುತ್ತದೆ. ಮೂವರಿಗೆ ನಾಲ್ಕು ದಿನಕ್ಕೆ 5 ಕೆಜಿ ಧಾರಾಳ. ಖಾಲಿ ತೂಕ ಸಿಲಿಂಡರ್ ಮೇಲೇ ಬರೆದಿರುತ್ತದೆ, ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿದರೆ ಎಷ್ಟು ಉಳಿದಿದೆ ಅಂತ ತಿಳಿಯುತ್ತದೆ. ಅನ್ನಕ್ಕೆ ಕುಕ್ಕರನ್ನೇ ಇಡಿ. ಆ ಎತ್ತರದಲ್ಲಿ ನೀರು 93 ಡಿಗ್ರಿ ಹತ್ತಿರವೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ.

ಬೆಳಗಿನ ಜಾವ ಉರಿ ಸಣ್ಣಗಾದರೆ ಗಾಬರಿ ಆಗಬೇಡಿ. ನಮ್ಮ ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್, ಬ್ಯೂಟೇನ್ ಎರಡೂ ಬೆರೆತ ಗ್ಯಾಸ್. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ ಹೋದರೂ ಆವಿಯಾಗುತ್ತದೆ. ಅದಕ್ಕೇ ಇಂಗ್ಲೆಂಡಿನಲ್ಲಿ ವ್ಯಾನ್ ಇಟ್ಟುಕೊಂಡವರು ಚಳಿಗಾಲಕ್ಕೆ ಬ್ಯೂಟೇನ್ ಬಿಟ್ಟು ಪ್ರೊಪೇನ್ ಬಾಟಲಿ ತಗೊಳ್ಳುತ್ತಾರೆ. ನಾವು ಸಿಲಿಂಡರಿಗೆ ಬಿಸಿನೀರು ಸುರಿಯುವುದು, ಬೆಂಕಿ ತೋರಿಸುವುದು ಯಾವುದನ್ನೂ ಮಾಡಬಾರದು. ರಾತ್ರಿ ಊಟದ ಜೊತೆಗೇ ಎರಡು ಫ್ಲಾಸ್ಕ್ ಬಿಸಿನೀರು ಕಾಯಿಸಿಟ್ಟರೆ ಬೆಳಿಗ್ಗೆ ಅವ್ವನ ಮುಖ ತೊಳೆಯುವುದಕ್ಕೂ ಕಾಫಿಗೂ ಆಗುತ್ತದೆ. ಬಿಸಿಲು ಬಿದ್ದ ಮೇಲೆ ಒಲೆ ತಾನಾಗಿ ಸರಿಹೋಗುತ್ತದೆ.

ಊಟಿ ಇರುವ ನೀಲಗಿರಿ ಜಿಲ್ಲೆಗೆ ಗಾಡಿ ಬಿಡಲು ಬೇಕಾದ ಇ-ಪಾಸ್ ಮಾಡಿಸಿಕೊಳ್ಳಿ. ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹೊರಡುವ ಹಿಂದಿನ ವಾರ ಒಂದು ರಾತ್ರಿ ನಿಮ್ಮ ಮನೆ ಮುಂದೆಯೇ ವ್ಯಾನಿನಲ್ಲಿ ಮಲಗಿ ನೋಡಿ. ಏನಾದರೂ ಮರೆತಿದ್ದರೆ ಎದ್ದು ಒಳಗೆ ಹೋಗಬಹುದು.