ಸಹಾಯ ಬೇಕು: ಆಗುಂಬೆ ಇಳಿಯುವಾಗ ಎಡ ತಿರುವಿನಲ್ಲಿ ಬೈಕ್ ಹೊರಗೆ ಹೋಗುತ್ತಿದೆ

ನಮಸ್ಕಾರ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ಏನೂ ತೊಂದರೆ ಇಲ್ಲ. ಸೋಮೇಶ್ವರದ ಕಡೆಗೆ ಇಳಿಯುವಾಗ ಮಾತ್ರ, ಎಡಕ್ಕೆ ತಿರುಗುವ ಕಡೆಯೆಲ್ಲ ಬೈಕ್ ರಸ್ತೆಯ ನಡುವಿಗೇ ಬಂದುಬಿಡುತ್ತದೆ. ಎದುರಿಗೆ ಮಿನಿ ಬಸ್ ಹತ್ತಿ ಬರುತ್ತಿದ್ದರೆ ಗತಿ? ಹತ್ತುವವರಿಗೆ ನಾವೇ ದಾರಿ ಬಿಡಬೇಕು ಅಲ್ವಾ.

350 ಸಿಸಿ ಗಾಡಿ, ಹಿಂದೆ ಹೆಂಡತಿ ಕೂತಿರುತ್ತಾಳೆ. ಟೈರ್ ಗಾಳಿ ಸರಿಯಿದೆ. ತಿರುವಿಗೆ ಮೊದಲೇ ಎರಡನೇ ಗೇರ್‌ಗೆ ಇಳಿಸಿ, ತಿರುವಿನ ಕೊನೆಯ ಕಡೆ ನೋಡುತ್ತಾ ಓಡಿಸಿದ್ದೂ ಆಯ್ತು. ಗೆಳೆಯನೊಬ್ಬ ಕ್ಲಚ್ ಹಿಡಿ ಅನ್ನುತ್ತಾನೆ. ಹಿಡಿದರೆ ಎಂಜಿನ್ ಬ್ರೇಕಿಂಗ್ (ಗೇರಿನಲ್ಲಿರುವಾಗ ಎಂಜಿನ್ನೇ ಗಾಡಿಯ ವೇಗ ತಡೆಯುವುದು) ಹೋಗಿ ಗಾಡಿ ಇನ್ನೂ ಜಾಸ್ತಿ ಓಡುತ್ತದೆ! ವಾಲಿರುವಾಗ ಮುಂದಿನ ಬ್ರೇಕ್ ಒತ್ತಿದರೆ ಗಾಡಿ ಎದ್ದು ನೇರವಾಗುತ್ತದೆ.

ತಿರುವಿನೊಳಗೆ ಹಿಂದಿನ ಬ್ರೇಕ್ ಸ್ವಲ್ಪ ಒತ್ತಿಕೊಂಡೇ ಇರಬೇಕಾ, ಇಲ್ಲಾ ಬ್ರೇಕ್ ಪೂರ್ತಿ ಬಿಟ್ಟು ಒಂದನೇ ಗೇರಿನಲ್ಲೇ ಇಳಿಯಬೇಕಾ? ಘಾಟಿಯಲ್ಲಿ ಇಬ್ಬರು ಕೂತು ಓಡಿಸುವವರು ಹೇಳಿ.