ನಿರಾಶ್ರಿತರು ಎರಡನೇ ಭೇಟಿಗೆ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಯುದ್ಧದಿಂದ ಪಾರಾಗಿ ಬಂದವರಿಗೆ ಆರ್‌ಎಚ್‌ಎಸ್-15 (ನಿರಾಶ್ರಿತರ ಮಾನಸಿಕ ಯಾತನೆ ಗುರುತಿಸುವ ಪ್ರಶ್ನಾವಳಿ) ತಪಾಸಣೆ ಮಾಡುತ್ತೇವೆ. ಅಂಕ 12 ಅಥವಾ ಹೆಚ್ಚು ಬಂದು, ಮುಂದಿನ ನೆರವು ಬೇಕೆನಿಸಿದವರೂ ಮತ್ತೆ ಬರುತ್ತಿಲ್ಲ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ 1: ಮೊದಲ ದಿನವೇ ‘ಏನಾಯಿತು ಹೇಳಿ’ ಅಂತ ಕೇಳ್ತಿದ್ದೀರಾ? ಬಿಡಿ. ಆಶ್ರಯದ ಅರ್ಜಿಗಾಗಿ ಅದನ್ನೇ ಅಧಿಕಾರಿಗಳ ಮುಂದೆ ಹೇಳಿ ದಣಿದಿರುತ್ತಾರೆ. ನಿಮ್ಮ ಕೋಣೆಯೂ ವಿಚಾರಣೆಯಂತೆಯೇ ಕಾಣುತ್ತದೆ. ನಿದ್ದೆ, ತಲೆನೋವು, ಬಾಡಿಗೆ, ಕಾಗದಪತ್ರಗಳಿಂದ ಶುರು ಮಾಡಿ. ಹೇಳಿದ್ದು ಯಾರ ಕಿವಿಗೆ ಹೋಗುತ್ತದೆ, ಯಾರಿಗೆ ಹೋಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿ. ಬಾಗಿಲು ಕಾಣುವ ಕುರ್ಚಿ ಅವರಿಗಿರಲಿ. ಅಂದಹಾಗೆ, ಆ 12 ಬರೀ ಸೂಚನೆ, ರೋಗನಿರ್ಣಯವಲ್ಲ.

ಉತ್ತರ 2: ದುಭಾಷಿ ಯಾರು? ಮನೆಯ ಮಕ್ಕಳನ್ನಂತೂ ಕೂರಿಸಲೇಬೇಡಿ. ಭಾಷೆ ಒಂದೇ ಆದರೂ ಎದುರಾಳಿ ಪಂಗಡದವರಾದರೆ ಬಾಯಿ ಕಟ್ಟುತ್ತದೆ, ಮೊದಲೇ ವಿಚಾರಿಸಿ. ಸಮುದಾಯ ಚಿಕ್ಕದಾದರೆ ದೂರದ ದುಭಾಷಿ ಫೋನಿನಲ್ಲಿ ಸಿಕ್ಕರೆ ಒಳ್ಳೆಯದು. ಸಮಯ ದುಪ್ಪಟ್ಟು ಇಡಿ, ಚಿಕ್ಕ ವಾಕ್ಯ ಆಡಿ, ನೋಟ ರೋಗಿಯ ಕಡೆಗಿರಲಿ. ಕೊನೆಗೆ 10 ನಿಮಿಷ ದುಭಾಷಿಯ ಜೊತೆಗೂ ಮಾತಾಡಿ. ಅವರೂ ಅದೇ ಯುದ್ಧ ಕಂಡವರಿರಬಹುದು.

ಪ್ರಶ್ನಿಸಿದವರು: ಹಾಗಾದರೆ ಆಘಾತದ ಮಾತು ಯಾವಾಗ?

ಉತ್ತರ 1: ಅವರು ಒಪ್ಪಿದಾಗ. ನೆನಪು ಉಕ್ಕಿದರೆ ಪಾದ ನೆಲಕ್ಕೊತ್ತಿ, ಕಣ್ಣಿಗೆ ಬಿದ್ದ 5 ವಸ್ತುಗಳನ್ನು ಹೆಸರಿಸುವುದನ್ನು ಮೊದಲು ಕಲಿಸಿ. ಆಮೇಲೆ ನೆರೇಟಿವ್ ಎಕ್ಸ್‌ಪೋಷರ್ ಥೆರಪಿಯಲ್ಲಿ (ಬದುಕಿನ ಕಥೆಯನ್ನು ಕ್ರಮವಾಗಿ ಹೇಳಿಸುವ ಆಘಾತ ಚಿಕಿತ್ಸೆ) ಮಾಡುವಂತೆ, ಬದುಕಿನ ಹಾದಿಯೆಂದು ನೆಲದ ಮೇಲೆ ಹಗ್ಗ ಹಾಸಿ ಸುಖಕ್ಕೆ ಹೂವು, ನೋವಿಗೆ ಕಲ್ಲು ಇಡಿಸಿ. ಹುಟ್ಟಿನಿಂದಲೇ ಶುರುವಾಗಲಿ, ಯುದ್ಧದಿಂದಲ್ಲ.