ಬಾಗಿಲೇನೋ ಹೆರಾಲ್ಡ್‌ದೇ, ಡಿಕ್ಕಿ ಎಲ್ಲಿ? ಕಾರು ಗುರುತಿಸಲು ಸಹಾಯ ಬೇಕು

ಪ್ರೆಸ್ಟನ್ ಪಾಂಡು:
ಎಲ್ಲರಿಗೂ ನಮಸ್ಕಾರ. ನಾನಿರೋದು ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ. ನಮ್ಮ ಬೀದಿಯ ಕೊನೇ ಮನೆ ಅಜ್ಜಿಯ ತಮ್ಮ ಹೋದ ವರ್ಷ ತೀರಿಕೊಂಡರು. ಅವರ ಗ್ಯಾರೇಜಿನಲ್ಲಿ ಒಂದು ಹಳೇ ಕಾರಿದೆ. ಮಾರೋ ಮುಂಚೆ ಅದು ಯಾವ ಕಾರು ಅಂತ ತಿಳೀಬೇಕು, ಬಂದು ನೋಡಪ್ಪ ಅಂತ ಅಜ್ಜಿ ಕರೆದರು.

ತೊಂದರೆ ಏನಂದ್ರೆ, ಕಾರಿನ ಮೂತಿ ಗೋಡೆಗೆ ತಾಗಿದೆ. ಸುತ್ತ ಕುರ್ಚಿ, ಪುಸ್ತಕದ ಡಬ್ಬ, ಒಂದು ಫ್ರಿಜ್ಜು. ಒಂದು ಪಕ್ಕದಲ್ಲಷ್ಟೇ ಹೊಟ್ಟೆ ಒಳಗೆಳೆದುಕೊಂಡು ನುಸುಳಬಹುದು. ಹಾಗಾಗಿ ಎಲ್ಲಾ ಫೋಟೊಗಳೂ ಗೇಣು ದೂರದಿಂದ ತೆಗೆದವು. ನಂಬರ್ ಪ್ಲೇಟೂ ಇಲ್ಲ, ಆ ನಂಬರನ್ನ ಯಾವ ಕಾಲದಲ್ಲೋ ಯಾರಿಗೋ ಮಾರಿದರಂತೆ. ಇದ್ದಿದ್ರೆ ಡಿವಿಎಲ್‌ಎ (ಇಲ್ಲಿನ ವಾಹನ ನೋಂದಣಿ ಇಲಾಖೆ) ಸೈಟಿನಲ್ಲಿ ಹಾಕಿ ಎರಡು ನಿಮಿಷಕ್ಕೆ ಮುಗಿಸ್ತಿದ್ದೆ.

ಫೋಟೊ 1: ಮುಂದಿನ ಗಾಜಿನ ಕೆಳಮೂಲೆ. 2: ಬಾಗಿಲ ಹಿಡಿ, ಮೇಲೆ ತೆರೆಯೋ ತ್ರಿಕೋನ ಗಾಜು. 3: ಹಿಂಭಾಗ, ಚಾವಣಿ ಇಳಿಜಾರಾಗಿ ಬಂದಿದೆ. 4: ಹಿಂದಿನ ಚಕ್ರದ ಮೇಲೆ ಪೇಂಟ್ ಬಿರುಕು.

ಬೆಳಗಾವಿ ಬುಲೆಟ್:
ಟ್ರಯಂಫ್ ಹೆರಾಲ್ಡ್ ಕೂಪೆ ಐತ್ರಿ. ಬಾಗಿಲಾ ನೋಡಿದ್ರ ಗೊತ್ತಾಗ್ತೈತಿ. ಮುಗೀತು.

ಪ್ರೆಸ್ಟನ್ ಪಾಂಡು:
ನಾನೂ ಹಾಗೇ ಅಂದ್ಕೊಂಡಿದ್ದೆ ಅಣ್ಣ. ಆದ್ರೆ ಹೆರಾಲ್ಡ್ ಕೂಪೆಗೆ ಹಿಂದೆ ಎರಡೂ ಕಡೆ ಚೂಪು ರೆಕ್ಕೆ ಇರುತ್ತೆ, ಡಿಕ್ಕಿ ಬಾಗಿಲು ಇರುತ್ತೆ. ಇದಕ್ಕೆ ಎರಡೂ ಇಲ್ಲ. ಮೂರನೇ ಫೋಟೊ ದೊಡ್ಡದು ಮಾಡಿ ನೋಡಿ, ಡಿಕ್ಕಿ ಇರಬೇಕಾದ ಕಡೆ ಒಂದು ಗೆರೆಯೂ ಇಲ್ಲ, ಬೋಳು. ಫೋಟೊ ಕೊಟ್ರೆ ಕಾರಿನ ಹೆಸರು ಹೇಳೋ ಆ್ಯಪ್ ಒಂದಿದೆಯಲ್ಲ, ಅದು 1 ಮತ್ತು 2ಕ್ಕೆ ಹೆರಾಲ್ಡ್ ಅಂದಿತು, 3ಕ್ಕೆ ಯಾವುದೋ ಇಟಲಿ ಕಾರು ಅಂದಿತು, 4ಕ್ಕೆ ಜೇಡರ ಬಲೆ ಅಂದಿತು.

ಕಾರ್ಬುರೇಟರ್ ಕಿಟ್ಟಿ:
ಟಿವಿಆರ್ ಅನ್ನೋ ಸಣ್ಣ ಬ್ರಿಟಿಷ್ ಕಂಪನಿಯ ಕಾರಿರಬಹುದಾ? ಅವು ಫೈಬರ್ ಬಾಡಿ, ಹಿಂಭಾಗ ಇಳಿಜಾರು.

ಹಳೇ ಪಾನಾ:
ಪಾಂಡು ಅವರೇ, ಆ್ಯಪ್ ನಾಲ್ಕನೇ ಫೋಟೊಗೆ ಹೇಳಿದ್ದನ್ನ ನಗಾಡಬೇಡಿ. ಅಷ್ಟರಲ್ಲಿ ಸರಿಯಾಗಿ ನೋಡಿದ್ದು ಅದೊಂದನ್ನೇ.

ತಗಡಿನ ಮೇಲಿನ ಪೇಂಟ್ ಕೆಡೋ ರೀತಿ ಬೇರೆ. ಮೊದಲು ಗುಳ್ಳೆ ಏಳುತ್ತೆ, ಗುಳ್ಳೆ ಒಡೆದರೆ ಒಳಗೆ ಕೆಂಪು ತುಕ್ಕು. ನಿಮ್ಮ ಫೋಟೊದಲ್ಲಿ ಒಂದು ಚುಕ್ಕಿಯಿಂದ ಎಂಟು ದಿಕ್ಕಿಗೂ ಕೂದಲೆಳೆ ಬಿರುಕು ಹೋಗಿದೆ, ತುಕ್ಕಿನ ಕಲೆ ಒಂದೂ ಇಲ್ಲ. ಅದು ಫೈಬರ್‌ಗ್ಲಾಸ್. ಯಾವತ್ತೋ ಒಳಗಿಂದ ಕಲ್ಲು ಸಿಡಿದಿದೆ, ಮೇಲಿನ ಜೆಲ್ ಪದರ ನಕ್ಷತ್ರದ ಹಾಗೆ ಸೀಳಿದೆ. ಕಿಟ್ಟಿ, ಫೈಬರ್ ಅನ್ನೋವರೆಗೆ ನೀನು ಸರಿ. ಟಿವಿಆರ್ ಅಲ್ಲ, ಯಾಕಂದ್ರೆ ಬಾಗಿಲು.

ಆ ಬಾಗಿಲ ಹಿಡಿ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಮದ್ರಾಸಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಬರ್ತಿತ್ತಲ್ಲ, ಅದೇ ಟ್ರಯಂಫ್ ಹೆರಾಲ್ಡ್, ಹೆಸರಷ್ಟೇ ಬೇರೆ. ಮೈಸೂರಿನ ಗ್ಯಾರೇಜಿನಲ್ಲಿ ಅದರ ಬಾಗಿಲನ್ನ ಅದೆಷ್ಟು ಸಲ ಬಿಚ್ಚಿ ಹಾಕಿದೀನೋ. ಇಡೀ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಯಿ ತೆರೀತಿತ್ತು. ಚಕ್ರದ ಮೇಲೇ ಕೂತು ಕೆಲಸ ಮಾಡ್ತಿದ್ವಿ, ಅಂಥಾ ಸುಖ ಅಂಬಾಸಿಡರ್‌ನಲ್ಲಿ ಇರಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಕ್ಲೋಸಪ್ ನೋಡಿ ಬ್ರಿಟಿಷ್ ಕಾರು ಹೇಳೋವಾಗ ಎಲ್ಲರೂ ಎಡವೋದು ಹಿಡಿ, ದೀಪ, ಮೀಟರಿನಲ್ಲಿ. ಅವೆಲ್ಲ ಎರವಲು ಸಾಮಾನು. ಸಣ್ಣ ಕಂಪನಿಗಳಿಗೆ ಹಿಡಿ ಎರಕ ಹೊಯ್ಯೋಷ್ಟು ದುಡ್ಡೆಲ್ಲಿ? ಲೋಟಸ್ ಎಸ್ಪ್ರಿಗೆ ಮಾರಿಸ್ ಮರೀನಾದ ಬಾಗಿಲ ಹಿಡಿ. ಟಿವಿಆರ್ ಗ್ರಿಫಿತ್ 400ಕ್ಕೆ ಮೊದಲ ಫೋರ್ಡ್ ಕಾರ್ಟಿನಾದ ದುಂಡು ಹಿಂದೀಪ. ದೀಪ ಅಂದ್ರೆ ಲೂಕಸ್, ಮೀಟರ್ ಅಂದ್ರೆ ಸ್ಮಿತ್ಸ್, ಊರಿಗೆಲ್ಲ ಅವರೇ. ಅಪರೂಪಕ್ಕೆ ಒಂದೇ ಗುರುತು ಸಾಕಾಗುತ್ತೆ. ಮುಂದಿನ ಚಕ್ರದ ಹಿಂದೆ ಗಾಳಿಗಂಡಿ ಒಂದಿದ್ರೆ ಜೆನ್ಸನ್ ಇಂಟರ್‌ಸೆಪ್ಟರ್, ಎರಡಿದ್ರೆ ನಾಲ್ಕು ಚಕ್ರಕ್ಕೂ ಡ್ರೈವ್ ಇರೋ ಜೆನ್ಸನ್ ಎಫ್‌ಎಫ್, ಮಾಡಿದ್ದೇ 320. ಮೂತಿ ಮೇಲೆ ಆಮೆ ಇದ್ರೆ ಗಾರ್ಡನ್-ಕೀಬಲ್, ಅದಂತೂ ನೂರರ ಆಸುಪಾಸು. ಅಷ್ಟು ಅದೃಷ್ಟ ದಿನಾ ಇರಲ್ಲ. ಎರವಲು ಸಾಮಾನೂ ಸ್ವಂತ ಸಾಮಾನೂ ಕೂಡೋ ಜಾಗ ಹುಡುಕಬೇಕು.

ಒಂದು ಕೆಲಸ ಮಾಡಿ. ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ಟನ್ನ ತೆಳು ಬಟ್ಟೆಯಲ್ಲಿ ಸುತ್ತಿ, ಗಾಜಿನ ಬುಡ, ಬಾಗಿಲು, ಹಿಂದಿನ ಮಡ್‌ಗಾರ್ಡು, ಈ ಮೂರು ಕಡೆ ಇಟ್ಟು ನೋಡಿ. ಬಾಗಿಲೂ ಹಿಂದಿನ ಬಾಡಿಯೂ ಸೇರೋ ಸಂದಿನ ಫೋಟೊ ಪಕ್ಕದಿಂದ ಟಾರ್ಚ್ ಬಿಟ್ಟು ತೆಗೀರಿ. ಫ್ಲ್ಯಾಶ್ ಬೇಡ, ಎದುರಿಂದ ಬೆಳಕು ಬಿದ್ರೆ ಉಬ್ಬುತಗ್ಗು ಸತ್ತುಹೋಗುತ್ತೆ.

ಪ್ರೆಸ್ಟನ್ ಪಾಂಡು:
ಸರ್, ಮಾಡಿದೆ. ಗಾಜಿನ ಬುಡದಲ್ಲಿ ಟಕ್ ಅಂತ ಹಿಡೀತು. ಬಾಗಿಲಲ್ಲೂ ಹಿಡೀತು. ಮಡ್‌ಗಾರ್ಡಿನಲ್ಲಿ ಜಾರಿ ಬಿದ್ದು ಫ್ರಿಜ್ಜಿನ ಕೆಳಗೆ ಹೋಯ್ತು, ಇನ್ನೂ ಸಿಕ್ಕಿಲ್ಲ. ಸಂದಿನ ಫೋಟೊ ಹಾಕಿದೀನಿ. ಬಾಗಿಲ ಅಂಚು ಕಾಗದ ಮಡಿಸಿದ ಹಾಗೆ ನೆಟ್ಟಗಿದೆ, ಪಕ್ಕದ ಬಾಡಿ ಅಂಚು ಸಾಬೂನಿನ ಹಾಗೆ ಸವೆದು ದುಂಡಗಿದೆ. ಹಿಂಭಾಗದಲ್ಲಿ ಬ್ಯಾಡ್ಜ್ ಬಿದ್ದುಹೋದ ಎರಡು ತೂತೂ ಇವೆ.

ಹಳೇ ಪಾನಾ:
ಹಾಗಾದ್ರೆ ಬಾಂಡ್ ಇಕ್ವಿಪ್ ಜಿಟಿ.

ಹೆರಾಲ್ಡ್‌ಗೆ ಬಾಡಿಯಿಂದ ಬೇರೆಯಾದ ಚಾಸಿ, ಅಂದ್ರೆ ಅಡಿಯ ಕಬ್ಬಿಣದ ಚೌಕಟ್ಟು ಇತ್ತು, ಅದರ ಮೇಲೆ ಬಾಡಿಯನ್ನ ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸ್ತಿದ್ರು. ಆ ಕಾಲಕ್ಕೆ ಬೇರೆ ಕಾರುಗಳು ಚಾಸಿ ಬಿಟ್ಟು ಒಂದೇ ಡಬ್ಬವಾಗ್ತಿದ್ವು. ಅದಕ್ಕೇ ಬೇರೆಯವರಿಗೆ ಹೆರಾಲ್ಡ್ ಅನುಕೂಲವಾಯ್ತು. ಚಾಸಿ, ಮುಂಗಾಜು, ಬಾಗಿಲು ಟ್ರಯಂಫ್‌ನಿಂದ ತಂದು, ಉಳಿದದ್ದನ್ನ ಫೈಬರಿನಲ್ಲಿ ಅಚ್ಚು ಹೊಡೆದು ಬಾಂಡ್ ಕಂಪನಿ 1963ರಲ್ಲಿ ಬಿಟ್ಟ ಕಾರು ಇದು. ಅದಕ್ಕೂ ಮುಂಚೆ ಅವರು ಮಾಡ್ತಿದ್ದದ್ದು ಮೂರು ಚಕ್ರದ ಮಿನಿಕಾರ್.

ಡಿಕ್ಕಿ ಇಲ್ಲದ್ದೇ ನಿಮ್ಮ ಪುಣ್ಯ. ಮೊದಲನೇ ಜಿಟಿಗೆ ಹೊರಗಿಂದ ತೆರೆಯೋ ಡಿಕ್ಕಿ ಇರಲಿಲ್ಲ, ಹಿಂದಿನ ಸೀಟು ಮಡಿಸಿ ಒಳಗಿಂದಲೇ ಪೆಟ್ಟಿಗೆ ತುರುಕಬೇಕಿತ್ತು. ಜನ ಬೈದಿರಬೇಕು, 1964ರಲ್ಲಿ ಬಂದ ಜಿಟಿ4ಎಸ್‌ಗೆ ಡಿಕ್ಕಿ ಕೊಟ್ರು, ದೀಪ ನಾಲ್ಕು ಮಾಡಿದ್ರು. ಡಿಕ್ಕಿ ಇಲ್ಲದ ಜಿಟಿ ಆಗಿದ್ದು 451 ಮಾತ್ರ.

ಪರೀಕ್ಷೆ ಮಾಡೋಕೆ ಇನ್ನೊಂದು ದಾರಿ. ಹೆರಾಲ್ಡ್ 1200ಕ್ಕೂ ಇದಕ್ಕೂ ಎಂಜಿನ್ 1147 ಸಿಸಿಯೇ. ಆದ್ರೆ ಬಾಂಡ್‌ನವರು ಟ್ರಯಂಫ್‌ನವರದೇ ಸ್ಪೋರ್ಟ್ಸ್ ಕಾರು ಸ್ಪಿಟ್‌ಫೈರ್‌ನ ಎಂಜಿನ್ ಹಾಕಿದ್ರು. ಬಾನೆಟ್ ಎತ್ತಿದಾಗ ಪ್ಲಗ್ ನಾಲ್ಕು, ಪಕ್ಕದಲ್ಲಿ ಎಸ್‌ಯು ಕಂಪನಿಯ ಕಾರ್ಬುರೇಟರಿನ ಗುಮ್ಮಟ ಎರಡು ಕಾಣಬೇಕು. ಒಂದೇ ಕಾರ್ಬುರೇಟರ್ ಇದ್ರೆ ನನ್ನನ್ನ ಬೈಯಿರಿ. ಡೈನಮೊ ಒಡಲ ಮೇಲೆ ಲೂಕಸ್‌ನವರು ತಿಂಗಳು, ವರ್ಷ ಒತ್ತಿರ್ತಾರೆ, ಅದನ್ನೂ ಒರೆಸಿ ಓದಿ.

ಅಂದಹಾಗೆ ಬಾಂಡ್ ಕಾರು ಹುಟ್ಟಿದ್ದು ಎಲ್ಲಿ ಗೊತ್ತಾ? ನಿಮ್ಮ ಪ್ರೆಸ್ಟನ್‌ನಲ್ಲೇ, ರಿಬಲ್‌ಟನ್ ಲೇನ್ ಅಂತ ರಸ್ತೆ ಇದೆಯಲ್ಲ, ಅಲ್ಲಿ.

ಬೆಳಗಾವಿ ಬುಲೆಟ್:
ನಾ ಹೇಳಿದ್ದು ಬಾಗಿಲದ ಮಟ್ಟಿಗೆ ಖರೇ ಇತ್ತು ಬಿಡ್ರಿ.

ಕಾರ್ಬುರೇಟರ್ ಕಿಟ್ಟಿ:
ಸರ್, ಮನೇಲಿ ಯಾರೋ ಕೈಯಾರೆ ಫೈಬರ್ ಬಾಡಿ ಕೂರಿಸಿರಬಹುದಲ್ವಾ? ಆ ಕಾಲದಲ್ಲಿ ಕಿಟ್ ಸಿಗ್ತಿತ್ತು.

ಹಳೇ ಪಾನಾ:
ಒಳ್ಳೇ ಪ್ರಶ್ನೆ. ಕಿಟ್ ಕಾರಿನವರು ಹಳೇ ಚಾಸಿ ಮೇಲೆ ಹೊಸ ಬಾಡಿ ಕೂರಿಸ್ತಿದ್ರು, ಎಂಜಿನ್ ಇದ್ದದ್ದೇ ಇರ್ತಿತ್ತು. ಬಾಂಡ್ ಹೊಸ ಕಾರಾಗೇ ಟ್ರಯಂಫ್ ಡೀಲರ್ ಹತ್ತಿರ ಮಾರಾಟವಾಗ್ತಿತ್ತು. ಹಾಗಾಗಿ ಚಾಸಿ, ಎಂಜಿನ್, ಡೈನಮೊ ಎಲ್ಲ ಒಂದೇ ವಯಸ್ಸಿನವಾಗಿರಬೇಕು. ತಾರೀಕು ಓದಿ ಅಂದಿದ್ದು ಅದಕ್ಕೇ. ಹಳೇ ಲಾಗ್ ಬುಕ್, ಅಂದ್ರೆ ಕಾರಿನ ನೋಂದಣಿ ಪುಸ್ತಕ ಸಿಕ್ಕಿದ್ರೆ ಈ ಕಷ್ಟವೇ ಬೇಡ.

ಪ್ರೆಸ್ಟನ್ ಪಾಂಡು:
ಶನಿವಾರ ಅಜ್ಜಿಯ ಮೊಮ್ಮಕ್ಕಳ ಜೊತೆ ಸಾಮಾನೆಲ್ಲ ಹೊರಗಿಟ್ಟು, ಕಾರನ್ನ ನಾಲ್ಕಡಿ ಹಿಂದಕ್ಕೆ ಜರುಗಿಸಿದ್ವಿ. ಪ್ಲಗ್ ನಾಲ್ಕು. ಗುಮ್ಮಟ ಎರಡು, ಒಂದರ ಮೇಲೆ ಇಲಿ ಗೂಡು. ಡೈನಮೊ ಮೇಲೆ 9 63.

ಲಾಗ್ ಬುಕ್ ಕಾರಿನಲ್ಲಿರಲಿಲ್ಲ, ಪುಸ್ತಕದ ಡಬ್ಬದಲ್ಲಿತ್ತು. ತಯಾರಕರು ಅನ್ನೋ ಕಡೆ ಮಸಿಯಲ್ಲಿ "ಬಾಂಡ್", ನೋಂದಣಿ ನವೆಂಬರ್ 1963. ಅಜ್ಜಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಸಾಯೋವರೆಗೂ ನಂದು ಬಾಂಡ್ ಕಾರು ಅಂತಿದ್ದ. ಸಿನಿಮಾ ನೋಡಿ ಜಂಬ ಕೊಚ್ಚಿಕೊಳ್ತಾನೆ ಅಂದ್ಕೊಂಡಿದ್ದೆ" ಅಂದರು.

ಮಾರೋ ಯೋಚನೆ ಸದ್ಯಕ್ಕಿಲ್ಲವಂತೆ. ಹೊರಗೆ ಎಳೆದು ತೊಳೆಯೋಣ ಅಂತಿದ್ದಾರೆ.

ಹಳೇ ಪಾನಾ:
ತೊಳೀರಿ. ಎಳೆಯೋ ಮುಂಚೆ ಕೆಳಗೆ ಮಲಗಿ, ಚಾಸಿಯಿಂದ ಪಕ್ಕಕ್ಕೆ ಚಾಚಿರೋ ತೋಳುಗಳಿಗೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಬಾಡಿ ಫೈಬರ್ ಆದ್ರೂ ಅದು ಕೂತಿರೋದು ಕಬ್ಬಿಣದ ಮೇಲೆ. ಸ್ಕ್ರೂಡ್ರೈವರ್ ಒಳಗೆ ಹೋದ್ರೆ ಎಳೀಬೇಡಿ, ಫೋಟೊ ತೆಗೆದು ಇಲ್ಲಿ ಹಾಕಿ. ಮ್ಯಾಗ್ನೆಟ್ ಸಿಕ್ತಾ?